ನಮ್ಮ ಹೊಲದ ಮ್ಯಾಲೆ ರೈಲು

ಹೋದ ಭಾನುವಾರ ಬೆಳಿಗ್ಗೆ ಏಳಕ್ಕೆ ಅಪ್ಪನ ಫೋನು. ಅಷ್ಟು ಹೊತ್ತಿಗೆ ಫೋನ್ ಬಂದರೆ ಎದೆ ಧಸಕ್ ಅನ್ನುತ್ತೆ, ಊರು ಬಿಟ್ಟು ದುಡಿಯೋ ಎಲ್ಲರಿಗೂ ಇದು ಗೊತ್ತು. ಆದರೆ ಅಪ್ಪನ ದನಿಯಲ್ಲಿ ಗಾಬರಿ ಇರಲಿಲ್ಲ, ಒಂಥರಾ ಗಡಿಬಿಡಿ ಇತ್ತು.

"ತಂಗಿ, ಆ ಏಜೆಂಟ ಮತ್ತ ಬಂದಿದ್ದ. ಗದಗ–ಯಲವಿಗಿ ರೈಲು ನಮ್ಮ ಹೊಲದ ಮ್ಯಾಲೇ ಹಾದು ಹೋಗತೈತಿ ಅಂತ. ಸರಕಾರ ಬಂದ್ರ ಪುಕ್ಕಟೆ ಹೋದಂಗ, ಈಗ ನಮಗ ಕೊಟ್ಟ್ರ ರೊಕ್ಕ ಎಣಸ್ತೀವಿ ಅಂತಾನ. ಏನ ಮಾಡೂದು?"

ನಮ್ಮದು ಲಕ್ಷ್ಮೇಶ್ವರದ ಹತ್ತಿರ ನಾಲ್ಕು ಎಕರೆ ಎರಿ ಹೊಲ. ಅಜ್ಜನ ಕಾಲದ್ದು. ಶೇಂಗಾ, ಕಡಲೆ, ಬಿಳಿಜೋಳ ಬೆಳೀತೀವಿ, ಒಂದೊಂದು ವರ್ಷ ಹತ್ತಿ. ನಾನು ಬೆಂಗಳೂರಲ್ಲಿ, ತಮ್ಮ ಪುಣೆಯಲ್ಲಿ. ಹೊಲದಲ್ಲಿ ಅಪ್ಪ ಒಬ್ಬನೇ. ಹೀಗಾಗಿ "ಏನ ಮಾಡೂದು" ಅನ್ನೋ ಪ್ರಶ್ನೆ ಬರೀ ರೈಲಿನದಲ್ಲ.

"ಒಂದು ವಾರ ತಡಿಯಪ್ಪಾ, ಸಹಿ ಗಿಹಿ ಮಾಡಬ್ಯಾಡ" ಅಂದೆ. ಆ ವಾರವೆಲ್ಲ ಕೆಲಸ ಮುಗಿಸಿ ರಾತ್ರಿ ಕೂತು ಓದಿದ್ದು ಮಾತ್ರ ಭೂಮಿ ಕಾಯ್ದೆ ಒಂದನ್ನೇ ಅಲ್ಲ. ನಮ್ಮ ಕಡೆ ಮೊದಲ ರೈಲು ಹೇಗೆ ಬಂತು, ಗದಗಕ್ಕೆ ಬಂದದ್ದು ನಮ್ಮೂರಿಗೆ ಯಾಕೆ ಬರಲಿಲ್ಲ ಅನ್ನೋ ಹಳೇ ಕಥೆಗೂ ಹೋಗಿಬಿಟ್ಟೆ.

ಅದು ಶುರುವಾಗೋದು ಬರದಿಂದ.

1876ರಲ್ಲಿ ಮಳೆ ಕೈಕೊಟ್ಟಿತು. ಧಾತು ಸಂವತ್ಸರ. ಮರುವರ್ಷ ಈಶ್ವರ ಸಂವತ್ಸರ, ಆಗಲೂ ನೆಟ್ಟಗಾಗಲಿಲ್ಲ. ಹಳೇ ಜನ ಇದನ್ನು ಧಾತು–ಈಶ್ವರ ಬರ ಅಂತಲೇ ಕರೀತಿದ್ದರು. ಜನಗಣತಿ ನೋಡಿದರೆ ಮೈ ಜುಮ್ಮೆನ್ನುತ್ತೆ. ಗದಗ ಆಗ ಧಾರವಾಡ ಜಿಲ್ಲೆಯಲ್ಲಿತ್ತು. 1872ರಿಂದ 1881ರ ನಡುವೆ ಆ ಜಿಲ್ಲೆಯ ಜನಸಂಖ್ಯೆ ಒಂದು ಲಕ್ಷದಷ್ಟು ಕಡಿಮೆಯಾಯಿತು. ಪಕ್ಕದ ಕಲಾದಗಿ ಜಿಲ್ಲೆಯಲ್ಲಿ, ಅಂದರೆ ಇವತ್ತಿನ ವಿಜಯಪುರ–ಬಾಗಲಕೋಟೆ ಕಡೆ, ಎಂಟು ಲಕ್ಷ ಮೀರಿದ್ದ ಜನ ಆರೂವರೆ ಲಕ್ಷದ ಒಳಗೆ ಬಂದರು. ಸತ್ತವರು ಎಷ್ಟು, ಗುಳೆ ಹೋಗಿ ತಿರುಗಿ ಬಾರದವರು ಎಷ್ಟು ಅಂತ ಬೇರೆ ಮಾಡೋದು ಕಷ್ಟ. ಊರಿಗೆ ಎರಡೂ ಒಂದೇ.

ಸರಕಾರ ಬರದ ಕಾಮಗಾರಿ ತೆರೆಯಿತು. ರಸ್ತೆಗೆ ಜಲ್ಲಿ ಒಡೆಯೋದು, ಕೆರೆ ಹೂಳೆತ್ತೋದು, ಮಣ್ಣು ಹೊರೋದು. ಕೂಲಿ ಎಷ್ಟು ಗೊತ್ತಾ? 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಅನ್ನೋ ದೊಡ್ಡ ಅಧಿಕಾರಿ ಲೆಕ್ಕ ಹಾಕಿ ಕೊಟ್ಟದ್ದು: ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಒಂದು ಆಣೆ. ಒಂದು ಪೌಂಡು ಅಂದರೆ ಅರ್ಧ ಕೆಜಿಗೂ ಕಡಿಮೆ. ಹೆಂಗಸರಿಗೆ ಅದಕ್ಕಿಂತಲೂ ಕಡಿಮೆ. ಇಷ್ಟು ತಿಂದು ದಿನವಿಡೀ ಕಲ್ಲು ಒಡೀಬೇಕು. ಮುಂಬೈ ಪ್ರಾಂತದ ಎಷ್ಟೋ ಕಡೆ ಜನ ಈ ಕೂಲಿ ಬೇಡ ಅಂತ ಕೆಲಸ ಬಿಟ್ಟು ಎದ್ದು ಹೋದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಬರೆಯಿತು. ಹಸಿದವರ ಮುಷ್ಕರ ಅದು.

ನಮ್ಮ ಅಜ್ಜನ ಅಜ್ಜಿ ಆಗ ಎಂಟೊಂಬತ್ತು ವರ್ಷದ ಹುಡುಗಿ. ತಾಯಿ ಜೊತೆ ಜಲ್ಲಿ ಒಡೆಯೋಕೆ ಹೋಗಿದ್ದಳಂತೆ. ಮುಂದೆ ಮದುವೆಯಾಗಿ ಗದಗಿನ ಕಡೆ ಬಂದ ಮೇಲೆ, ರೈಲ್ವೆಯ ಏರಿ ಹಾಕುವಾಗ ಬುಟ್ಟಿಯಲ್ಲಿ ಮಣ್ಣೂ ಹೊತ್ತಳು. ಎರಡೂ ನೆನಪನ್ನು ಆಕೆ ಯಾವಾಗಲೂ ಕಲಸಿ ಹೇಳುತ್ತಿದ್ದಳು ಅಂತ ಅಜ್ಜ ಅನ್ನುತ್ತಿದ್ದ. ಒಂದು ಕೆಲಸಕ್ಕೆ ಹೊಟ್ಟೆ ತುಂಬಲಿಲ್ಲ, ಇನ್ನೊಂದಕ್ಕೆ ತುಂಬಿತು. ಆಕೆಗೆ ಇದ್ದ ವ್ಯತ್ಯಾಸ ಅಷ್ಟೇ.

ಬರ ಮುಗಿದ ಮೇಲೆ ಸರಕಾರ ಒಂದು ಆಯೋಗ ಕೂರಿಸಿತು. 1880ರಲ್ಲಿ ವರದಿ ಬಂತು: ಬರ ಬೀಳುವ ಸೀಮೆಗಳಿಗೆ ಧಾನ್ಯ ಮುಟ್ಟಿಸೋಕೆ ಇನ್ನೂ 5,000 ಮೈಲಿಯಾದರೂ ರೈಲು ಬೇಕೇ ಬೇಕು. ಹೀಗೆ ಹುಟ್ಟಿದ್ದು 'ಬರದ ಮಾರ್ಗ'ಗಳು. ಅವುಗಳಲ್ಲಿ ಒಂದು, ಸೊಲ್ಲಾಪುರದ ಬಗಲಿನ ಹೋಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿ, ಹೊಳೆಆಲೂರು ಹಾದು ಗದಗಕ್ಕೆ ಬರೋ ದಾರಿ. ಇವತ್ತು ಹೊಟ್ಟೆಪಾಡಿಗೆ ಅತ್ತಿಂದಿತ್ತ ಓಡಾಡೋ ನಾವು ಕೂರೋ ಆ ರೈಲಿನ ದಾರಿ, ಹೊಟ್ಟೆಗಿಲ್ಲದೆ ಸತ್ತವರ ಲೆಕ್ಕದಲ್ಲಿ ಮಂಜೂರಾದದ್ದು.

ಕಟ್ಟಿದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿ. 1882ರ ಜೂನ್ 1ಕ್ಕೆ ಶುರುವಾದದ್ದು. ಹಣ ಹಾಕಿದವರು ಲಂಡನ್ನಿನ ಷೇರುದಾರರು. ಅವರಿಗೆ ಸರಕಾರದ ಗ್ಯಾರಂಟಿ: ರೈಲು ತುಂಬಿ ಓಡಲಿ, ಖಾಲಿ ಓಡಲಿ, ಬಡ್ಡಿ ಖಚಿತ. ಲಾಭ ಬಾರದಿದ್ದರೆ ತುಂಬಿ ಕೊಡೋದು ಇಲ್ಲಿನ ತೆರಿಗೆಯಿಂದ. ನಮ್ಮ ಎಫ್‌ಡಿಗೂ ಇಂಥ ಭದ್ರತೆ ಇರಲ್ಲ ಬಿಡಿ.

ಕಂಪನಿಯ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ. ಕರ್ನಾಟಕ ಕಾಲೇಜಿನ ಆ ಕೆಂಪು ಕಟ್ಟಡ ನೋಡಿದ್ದೀರಲ್ಲ, ಅದೇ. ನಾನು ಅಲ್ಲೇ ಮೂರು ವರ್ಷ ಓದಿದೆ, ಅದು ರೈಲ್ವೆ ಆಫೀಸು ಅಂತ ಗೊತ್ತಾದದ್ದು ಡಿಗ್ರಿ ಮುಗಿಸಿ ಎಷ್ಟೋ ವರ್ಷದ ಮೇಲೆ.

ಕೆಲಸ ಹೇಗೆ ನಡೆಯಿತು ಅನ್ನೋದು ನನಗೆ ಬಹಳ ಇಷ್ಟವಾದ ಭಾಗ. ಹಣ ಉಳಿಸೋಕೆ ಮೀಟರ್ ಗೇಜ್ ಆರಿಸಿದರು. ಹಳಿಗಳ ನಡುವೆ ಮೂರು ಅಡಿ ಮೂರು ಇಂಚು ಚಿಲ್ಲರೆ. ಮುಂಬೈ–ಮದ್ರಾಸ್ ದೊಡ್ಡ ಮಾರ್ಗದಲ್ಲಿ ಐದೂವರೆ ಅಡಿ. ಗೇಜ್ ಚಿಕ್ಕದಾದರೆ ಹಳಿ ಹಗುರ, ಸೇತುವೆ ಸಣ್ಣದು, ತಿರುವು ಬಿಗಿಯಾಗಿ ಹಾಕಬಹುದು. ಹಳಿ, ಇಂಜಿನ್ನು ಹಡಗಿನಲ್ಲಿ ಇಂಗ್ಲೆಂಡಿನಿಂದ ಬಂದವು. ಮಣ್ಣು ಮಾತ್ರ ನಮ್ಮದು.

ಆ ಮಣ್ಣೇ ದೊಡ್ಡ ತಲೆನೋವು. ಎರಿ ಭೂಮಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಬೇಸಗೆಯಲ್ಲಿ ಕಾಲು ಸಿಗೋ ಹಾಗೆ ಬಿರುಕು ಬಿಡುತ್ತೆ. ನಮ್ಮ ಊರಿನ ಮನೆ ಗೋಡೆ ಸೀಳೋದೂ ಇದಕ್ಕೇ. ಅದರ ಮೇಲೆ ಹಳಿ ಹಾಕಿದರೆ ಹಳಿ ಕುಣೀತದೆ. ಅದಕ್ಕೆ ನೀರು ಹರಿದು ಹೋಗೋ ದಾರಿ ಮಾಡಬೇಕು, ಎತ್ತರಕ್ಕೆ ಏರಿ ಹಾಕಬೇಕು, ಮೇಲೆ ಜಲ್ಲಿ ಹೊದಿಸಬೇಕು. ಏರಿಗೆ ಬೇಕಾದ ಮಣ್ಣನ್ನು ದೂರದಿಂದ ತರೋಕಾಗಲ್ಲ, ದಾರಿ ಪಕ್ಕದಲ್ಲೇ ಅಗೆದು ಮೇಲೆ ಹಾಕಿದರು. ಮುಂದಿನ ಸಲ ಗದಗಿನಿಂದ ಬಾದಾಮಿ ಕಡೆ ಹೋಗುವಾಗ ಮೊಬೈಲು ಕೆಳಗಿಟ್ಟು ಕಿಟಕಿಯಿಂದ ನೋಡಿ. ಹಳಿಯ ಪಕ್ಕಕ್ಕೆ ಅಲ್ಲಲ್ಲಿ ಉದ್ದನೆ ತಗ್ಗುಗಳು, ಮಳೆಗಾಲದಲ್ಲಿ ನೀರು ನಿಂತು ಎಮ್ಮೆ ಮಲಗಿರ್ತವೆ. ಏರಿಗೆ ಮಣ್ಣು ತೆಗೆದರೆ ಉಳಿಯೋ ಗುಂಡಿ ಅಂಥವೇ. ಯಂತ್ರ ಇಲ್ಲ. ಗುದ್ದಲಿ, ಸಲಿಕೆ, ಬುಟ್ಟಿ. ಮಣ್ಣಿನ ಕೆಲಸ, ಕಲ್ಲಿನ ಕೆಲಸದಲ್ಲಿ ತಲೆತಲಾಂತರದಿಂದ ಪಳಗಿದ ವಡ್ಡರ ಕುಟುಂಬಗಳು ನಮ್ಮ ಕಡೆಯ ಇಂಥ ಕಾಮಗಾರಿಗಳ ಬೆನ್ನೆಲುಬು. ಗಂಡಸು ಅಗೀತಾನೆ, ಹೆಂಗಸು ಹೊರ್ತಾಳೆ, ಕೂಲಿ ಅಗೆದ ಗುಂಡಿಯ ಅಳತೆಗೆ. ಇಂಜಿನಿಯರುಗಳ ಹೆಸರು ವರದಿಗಳಲ್ಲಿದೆ. ಇವರದು ಎಲ್ಲೂ ಇಲ್ಲ.

1884ರಲ್ಲಿ ಹೋಟಗಿ–ಗದಗ ದಾರಿಯಲ್ಲಿ ರೈಲು ಓಡಿತು. ಮುಂದಿನ ನಾಲ್ಕೈದು ವರ್ಷದಲ್ಲಿ ಗದಗದಿಂದ ಅಣ್ಣಿಗೇರಿ ಮೇಲೆ ಹುಬ್ಬಳ್ಳಿಗೆ, ಕೊಪ್ಪಳದ ಮೇಲೆ ಹೊಸಪೇಟೆ–ಬಳ್ಳಾರಿಗೆ, ಹುಬ್ಬಳ್ಳಿಯಿಂದ ಹರಿಹರಕ್ಕೆ, ಲೋಂಡಾದ ಮೇಲೆ ಗೋವೆಯ ಮುರಗಾಂವ ಬಂದರಿಗೆ ದಾರಿಗಳು ಕೂಡಿದವು.

ಗೋವೆ ಯಾಕೆ ಅಂತೀರಾ? ಅದು ಹತ್ತಿಯ ಕಥೆ. ಅಮೆರಿಕದಲ್ಲಿ 1861ರಿಂದ 65ರವರೆಗೆ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಕಣ್ಣು ನಮ್ಮ ಕಡೆ ಬಿತ್ತು. ಗದಗ, ಹುಬ್ಬಳ್ಳಿ ಸೀಮೆಯ ಹತ್ತಿ ಅಂಡಿಗೆಗಳು ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ, ಕಾರವಾರದ ಬಂದರಿಗೆ ಹೋಗುತ್ತಿದ್ದವು. ಪೇಟೆಯಲ್ಲಿ ಅದಕ್ಕೆ ಹೆಸರೇ 'ಕುಮಟಾ ಹತ್ತಿ'. ಕುಮಟಾದಲ್ಲಿ ಒಂದು ಗಿಡ ಹತ್ತಿ ಬೆಳೆಯದಿದ್ದರೂ! ಕಾರವಾರಕ್ಕೆ ರೈಲು ಹಾಕಬೇಕು ಅನ್ನೋ ಮಾತು ಆಗಲೇ ಇತ್ತು. ಆದರೆ 1878ರಲ್ಲಿ ಬ್ರಿಟಿಷರು ಪೋರ್ತುಗೀಜರ ಜೊತೆ ಒಪ್ಪಂದ ಮಾಡಿಕೊಂಡರು, ದಾರಿ ಗೋವೆಗೆ ತಿರುಗಿತು, 1888ರಲ್ಲಿ ಕ್ಯಾಸಲ್ ರಾಕ್ ಘಟ್ಟದ ಮೇಲೆ ಎರಡು ಕಡೆಯ ಹಳಿ ಕೂಡಿದವು. ಕಾರವಾರದ ಜನ ಕಾದೇ ಕಾದರು. ಹುಬ್ಬಳ್ಳಿ–ಅಂಕೋಲಾ ಹೆಸರಿನಲ್ಲಿ ಅದು ಇವತ್ತಿಗೂ ಕಾಡು, ಕೋರ್ಟು, ಕಡತದ ನಡುವೆ ಇದೆ.

ಹೋಟಗಿಯಲ್ಲಿ ಇನ್ನೊಂದು ತಮಾಷೆ. ಸಣ್ಣ ಗೇಜ್ ಅಲ್ಲಿಗೆ ಮುಗಿದು ದೊಡ್ಡ ಗೇಜ್ ಶುರು. ಮುಂಬೈಗೆ ಹೋಗೋ ಹತ್ತಿಯನ್ನೆಲ್ಲ ಹಮಾಲರು ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಕಟ್ಟುವಾಗ ಉಳಿಸಿದ ಹಣ ಹೀಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಕೂಲಿಯಾಗಿ ಹರೀತಾ ಹೋಯಿತು. ಹುಬ್ಬಳ್ಳಿ–ಗದಗ–ಗುಂತಕಲ್ ದಾರಿ ಬ್ರಾಡ್ ಗೇಜ್ ಆದದ್ದು 1990ರ ದಶಕದಲ್ಲಿ, ಗದಗ–ಹೋಟಗಿ ಪೂರ್ತಿಯಾಗೋಕೆ ಇನ್ನೂ ಹೊತ್ತು ಹಿಡಿಯಿತು.

ಈಗ ನಮ್ಮೂರಿನ ಮಾತಿಗೆ ಬರ್ತೀನಿ. ನಕ್ಷೆಯಲ್ಲಿ ಗದಗ, ಹುಬ್ಬಳ್ಳಿ, ಯಲವಿಗಿ ಮೂರಕ್ಕೂ ಬೊಟ್ಟಿಡಿ. ಒಂದು ತ್ರಿಕೋನ ಆಗುತ್ತೆ. ಗದಗ–ಹುಬ್ಬಳ್ಳಿ ಗೆರೆಯ ಮೇಲೆ ರೈಲು ಇದೆ, ಹುಬ್ಬಳ್ಳಿ–ಯಲವಿಗಿ ಗೆರೆಯ ಮೇಲೂ ಇದೆ. ಮೂರನೇ ಗೆರೆ ಖಾಲಿ. ಲಕ್ಷ್ಮೇಶ್ವರ, ಶಿರಹಟ್ಟಿ ಇರೋದು ಆ ಗೆರೆಯ ಆಸುಪಾಸು. ಇನ್ನು ಮುಂಡರಗಿ ಹೊಸಪೇಟೆ ಮಾರ್ಗಕ್ಕೂ ತುಂಗಭದ್ರೆಗೂ ನಡುವೆ, ಅದಕ್ಕೂ ಇಲ್ಲ. ಗದಗ ಜಂಕ್ಷನ್ ಆಗಿ, ಹತ್ತಿ ಜಿನ್ನು, ಅಡತಿ ಅಂಗಡಿ ಅಂತ ಬೆಳೆದು ನಿಂತಾಗ, ಇವು ಮೂರೂ ಬಸ್ಸಿನ ಊರುಗಳಾಗಿ ಉಳಿದವು.

ಆಗಿನ ಆಳ್ವಿಕೆ ನೋಡಿದರೆ ಇನ್ನೂ ಸೋಜಿಗ. ಗದಗ, ಮುಂಡರಗಿ ಬ್ರಿಟಿಷರದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಕೊಪ್ಪಳಕ್ಕೆ ಹೋದರೆ ನಿಜಾಮರ ಸೀಮೆ. ಹುಬ್ಬಳ್ಳಿಯಿಂದ ಹರಿಹರದ ರೈಲು ಹತ್ತಿದರೆ ಜಮಖಂಡಿಯವರ ಕುಂದಗೋಳ, ಕಿರಿಯ ಮಿರಜದ ಗುಡಗೇರಿ, ಸವಣೂರ ನವಾಬರ ಸೀಮೆಯ ಅಂಚು, ಮತ್ತೆ ಬ್ರಿಟಿಷ್ ಹಾವೇರಿ, ಕೊನೆಗೆ ಹೊಳೆ ದಾಟಿ ಮೈಸೂರಿನ ಹರಿಹರ. ಅರ್ಧ ದಿನದ ದಾರಿಯಲ್ಲಿ ಐದು ಸರಕಾರ. ಸಂಸ್ಥಾನದ ಮೇಲೆ ಹಳಿ ಹೋದರೆ ಆ ಪಟ್ಟಿಯ ಅಧಿಕಾರ ಬ್ರಿಟಿಷರಿಗೆ ಬಿಟ್ಟುಕೊಡಬೇಕು. ಹಳಿ ಮೇಲೆ ಕಳ್ಳ ಸಿಕ್ಕರೆ ಒಂದು ಕಾನೂನು, ಬೇಲಿ ಹಾರಿ ಹೊಲಕ್ಕೆ ಇಳಿದರೆ ಇನ್ನೊಂದು!

ಹಾಗಂತ ರೈಲು ಬಂದ ಊರೆಲ್ಲ ಉದ್ಧಾರ ಆಯಿತು ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಬರಕ್ಕೆ ಮದ್ದು ಅಂತ ಬಂದ ರೈಲು ಬರ ನಿಲ್ಲಿಸಲಿಲ್ಲ. 1896–97ರಲ್ಲಿ ಬಿತ್ತು, 1899–1900ರಲ್ಲಿ ಮತ್ತೆ ಬಿತ್ತು. ರೈಲಿನಲ್ಲಿ ಕಾಳು ಬರುತ್ತಿತ್ತು ನಿಜ, ಆದರೆ ಕೊಳ್ಳೋಕೆ ಜನರ ಕೈಯಲ್ಲಿ ಕಾಸು ಇರಬೇಕಲ್ಲ. ಬಳ್ಳಾರಿಗೆ 1876ಕ್ಕೆ ಮೊದಲೇ ರೈಲು ಇತ್ತು, ಆ ಬರದಲ್ಲಿ ಮದ್ರಾಸ್ ಪ್ರಾಂತದಲ್ಲೇ ಅತಿ ಹೆಚ್ಚು ಬೆಂದ ಜಿಲ್ಲೆಗಳಲ್ಲಿ ಅದೂ ಒಂದು. ರೈಲಿಗೆ ಸುರಿದಷ್ಟನ್ನು ಕೆರೆ–ಕಾಲುವೆಗೆ ಹಾಕಿದ್ದರೆ ಅಂತ ರಮೇಶಚಂದ್ರ ದತ್ತರಂಥವರು ಆಗಲೇ ವಾದ ಮಾಡಿದ್ದರು. ಡಂಬಳದ ಕೆರೆ ನೋಡಿ ಬೆಳೆದ ನನಗೆ ಆ ವಾದ ಸರಿ ಅನಿಸುತ್ತೆ.

ಬೆಟಗೇರಿಯ ನೇಕಾರರಿಗೆ ರೈಲು ಗಿರಣಿ ನೂಲು ತಂದಿತು, ಬೆನ್ನಿಗೇ ಗಿರಣಿ ಬಟ್ಟೆಯನ್ನೂ ತಂದಿತು. ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ಸುತ್ತುತ್ತಿದ್ದ ಲಂಬಾಣಿಗಳ ವ್ಯಾಪಾರ ರಸ್ತೆ, ರೈಲು ಬಂದ ಮೇಲೆ ಮುಗಿದೇ ಹೋಯಿತು. ಶಿರಹಟ್ಟಿ, ಮುಂಡರಗಿ ಕಡೆ ಇಷ್ಟು ತಾಂಡಾಗಳು ಯಾಕಿವೆ ಅಂತ ಕೇಳಿದರೆ ಉತ್ತರದ ಒಂದು ತುಂಡು ಇಲ್ಲೂ ಇದೆ. ಪ್ಲೇಗು ಬಂದದ್ದೂ ಹಳಿ ಹಿಡಿದೇ. 1896ರಲ್ಲಿ ಮುಂಬೈ, ಆಮೇಲೆ ಹುಬ್ಬಳ್ಳಿ–ಧಾರವಾಡ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೂ ಹುಬ್ಬಳ್ಳಿ ಕಡೆಯ ರೈಲಿನಲ್ಲೇ ಇಳಿಯಿತು. ಆ ಪ್ಲೇಗಿನ ಭಯಕ್ಕೆ ಬೆಳೆದದ್ದು ಮಲ್ಲೇಶ್ವರ, ಬಸವನಗುಡಿ. ಮಲ್ಲೇಶ್ವರದಲ್ಲಿ ಪಿಜಿ ಹಿಡಿದು ಕೂತಿರೋ ನಮ್ಮ ಕಡೆಯ ಹುಡುಗ–ಹುಡುಗಿಯರೇ, ಇದು ನಿಮಗೆ.

ಆದರೂ ರೈಲು ಕೊಟ್ಟದ್ದು ಇಲ್ಲ ಅನ್ನೋಕಾಗಲ್ಲ. 1933ರಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ. ರೈಲಿನಲ್ಲಿ ಪಕ್ಕ ಕೂತವರು ಕಾಸು ಕೊಟ್ಟು ಮುಂದಕ್ಕೆ ಕಳಿಸಿದರು. ಪುಣೆ, ಗ್ವಾಲಿಯರ್ ಅಂತ ಎಲ್ಲೆಲ್ಲೋ ಅಲೆದ. ಕೊನೆಗೆ ಗುರು ಸಿಕ್ಕಿದ್ದು ಕುಂದಗೋಳದಲ್ಲಿ. ಗದಗದಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಸ್ವಲ್ಪ ಮುಂದೆ! ಗುರು ಸವಾಯಿ ಗಂಧರ್ವರು, ಹುಡುಗ ಭೀಮಸೇನ ಜೋಶಿ.

ಇಷ್ಟೆಲ್ಲ ಓದಿ ಮತ್ತೆ ಭೂಮಿಯ ಮಾತಿಗೆ ಬಂದೆ. ಆ ಕಾಲದಲ್ಲಿ ಹೊಲ ಹಿಡಿದುಕೊಳ್ಳೋಕೆ ಇದ್ದದ್ದು 1870ರ ಕಾಯ್ದೆ. ಪೇಟೆ ಬೆಲೆ, ಅದರ ಮೇಲೆ ನೂರಕ್ಕೆ ಹದಿನೈದು. ಆಮೇಲೆ 1894ರ ಕಾಯ್ದೆ ಬಂತು. ನಂಬ್ತೀರೋ ಇಲ್ಲವೋ, ಸ್ವಾತಂತ್ರ್ಯ ಬಂದು ಅರವತ್ತು ವರ್ಷ ದಾಟಿದರೂ ಅದೇ ನಡೀತಿತ್ತು. 2013ರಲ್ಲಿ ಹೊಸ ಕಾಯ್ದೆ ಆಗಿ 2014ರ ಜನವರಿಯಿಂದ ಜಾರಿಯಾಯಿತು. ಈಗ ಹಳ್ಳಿ ಭೂಮಿಗೆ ಪೇಟೆ ಬೆಲೆಯನ್ನು ಎರಡು ಪಟ್ಟಿನ ತನಕ ಏರಿಸಬಹುದು, ಆ ಮೊತ್ತದಷ್ಟನ್ನೇ ಮತ್ತೆ ಪರಿಹಾರವಾಗಿ ಸೇರಿಸಬೇಕು. ಅಂದರೆ ಏಜೆಂಟ್ ಹೇಳಿದ "ಪುಕ್ಕಟೆ ಹೋದಂಗ" ಅನ್ನೋ ಮಾತು ಶುದ್ಧ ಸುಳ್ಳು.

ಒಂದು ಕೊಕ್ಕೆ ಇದೆ. ಪೇಟೆ ಬೆಲೆ ಕಟ್ಟೋದು ಹಿಂದಿನ ಮೂರು ವರ್ಷದಲ್ಲಿ ಆಸುಪಾಸಿನಲ್ಲಿ ರಿಜಿಸ್ಟರ್ ಆದ ಖರೀದಿ ಪತ್ರಗಳನ್ನೂ ನೋಡಿಕೊಂಡು. ನಮ್ಮ ಕಡೆ ಸ್ಟ್ಯಾಂಪ್ ಡ್ಯೂಟಿ ಉಳಿಸೋಕೆ ಕಡಿಮೆ ಬೆಲೆ ಬರೆಸೋದು ರೂಢಿ. ಇವತ್ತು ಬಗಲಿನ ಹೊಲದವರು ಕಡಿಮೆ ಬರೆಸಿದರೆ ನಾಳೆ ಊರಿಗೆ ಊರೇ ಅದರ ಹೊಡೆತ ತಿನ್ನುತ್ತೆ. ಇನ್ನೊಂದು: ಸರ್ವೇ ಆಯಿತು ಅಂದಮಾತ್ರಕ್ಕೆ ಭೂಮಿ ಹೋದಂಗಲ್ಲ. ಪ್ರಾಥಮಿಕ ಅಧಿಸೂಚನೆ ಬರಬೇಕು, ಅದರಲ್ಲಿ ಸರ್ವೇ ನಂಬರ್ ಇರಬೇಕು. ಅದು ಬಂದ ಮೇಲೆ ಜಿಲ್ಲಾಧಿಕಾರಿ ಅನುಮತಿ ಇಲ್ಲದೆ ಮಾರೋಕೂ ಬರಲ್ಲ. ಏಜೆಂಟನಿಗೆ ಇಷ್ಟು ಅವಸರ ಯಾಕೆ ಅಂತ ನನಗೆ ಆಗ ಹೊಳೆಯಿತು.

ರೈಲು ಬರುತ್ತೋ ಇಲ್ಲವೋ? ಗದಗ–ಯಲವಿಗಿ ಬೇಡಿಕೆ ನಾನು ಹುಟ್ಟೋಕೆ ಮೊದಲಿನದು. ಅಜ್ಜ ಪ್ರತಿ ಬಜೆಟ್ಟಿಗೆ ರೇಡಿಯೋ ಮುಂದೆ ಕೂರುತ್ತಿದ್ದ. ಹಾಗಂತ ಯಾವತ್ತೂ ಆಗಲ್ಲ ಅನ್ನೋಕೂ ಆಗಲ್ಲ. ಗದಗ–ವಾಡಿ ಮಾರ್ಗದ ಕೆಲಸ ನಡೀತಾ ಇದೆ, 2025ರಲ್ಲಿ ಕುಷ್ಟಗಿಗೆ ರೈಲು ಬಂತು. ಆ ಊರಿನವರು ಹಳಿ ಪಕ್ಕ ನಿಂತು ಕೈ ಬೀಸೋ ವಿಡಿಯೋ ಅಪ್ಪನೇ ನನಗೆ ವಾಟ್ಸಾಪ್ ಮಾಡಿದ್ದ, ಬರೀ ಮೂರು ಕೈಮುಗಿಯೋ ಗುರುತು ಹಾಕಿ.

ಮುಂದಿನ ಭಾನುವಾರ ನಾನೇ ಫೋನ್ ಮಾಡಿದೆ. ಕಾಯ್ದೆ, ಅಧಿಸೂಚನೆ, ಮೂರು ವರ್ಷದ ಖರೀದಿ ಪತ್ರ ಎಲ್ಲ ಒದರಿದೆ. ಅಪ್ಪ ಹೂಂ ಹೂಂ ಅಂತ ಕೇಳಿದ.

"ಅಲ್ಲ ತಂಗಿ, ರೈಲಿಗೆ ಕೊಡೂದಕ್ಕ ನಂದೇನೂ ತಕರಾರಿಲ್ಲ. ನಮ್ಮ ಅಜ್ಜನ ತಾಯಿ ಮಣ್ಣ ಹೊತ್ತಾಕಿ. ಆ ಏಜೆಂಟನ ಕಿಸೇಕ್ಕ ಯಾಕ ಕೊಡ್ಲಿ?"

"ಹಂಗಾದ್ರ ಏನ ಹೇಳ್ದಿ ಅವಗ?"

"ಕಡ್ಲಿ ಬಿತ್ತೀನಿ, ಸುಗ್ಗಿ ಮುಗೀಲಿ ಅಂದೆ. ಮತ್ತ ಬರ್ತಾನ, ಬರವಲ್ನ್ಯಾಕ. ಅದಿರ್ಲಿ, ನೀ ದೀಪಾವಳಿಗೆ ಬರಾಕಿ ಯಲವಿಗ್ಯಾಗ ಇಳೀತಿಯೋ, ಗದಗದಾಗೋ?"

ಯಲವಿಗಿ ಹತ್ತಿರ, ಆದರೆ ಎಲ್ಲ ರೈಲೂ ನಿಲ್ಲಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬಸ್ಸೂ ಇಲ್ಲ. ಗದಗ ನಲವತ್ತು ಕಿಲೋಮೀಟರ್ ದೂರ, ಆದರೆ ಸ್ಟ್ಯಾಂಡಿನಲ್ಲಿ ಬೆಳಗಿನ ಮೊದಲ ಗಾಡಿಗೆ ಕೂರಬಹುದು.

"ಗದಗದಾಗ ಇಳೀತೀನಿ" ಅಂದೆ.

"ಹೂಂ. ಸ್ವೆಟರ್ ತಗೊಂಡ ಬಾ. ಚಳಿ ಬಿದ್ದಿರ್ತೈತಿ."